ಮಗ್ಗದೂರಿನ ಲ್ಯಾಪ್‌ಟಾಪ್ ಚೀಟಿ

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅರ್ಧ ಎತ್ತಿದ ಷಟರ್‌ ಕೆಳಗಿನಿಂದ ಬಿಳಿ ಬೆಳಕು ಬೀದಿಗೆ ಬಿದ್ದಿದೆ. ಒಳಗೆ ಚೈತ್ರ ಒಂದು ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ತಳದ ಸ್ಕ್ರೂಗಳನ್ನು ಬಿಚ್ಚಿ, ಊಟದ ಡಬ್ಬಿಯ ಮುಚ್ಚಳದೊಳಗೆ ಸಾಲಾಗಿ ಇಡುತ್ತಿದ್ದಾರೆ. ತಳ ತೆಗೆದು, ಫ್ಯಾನಿನ ಸಂದಿಗೆ ಚಿಮಟ ಹಾಕಿ ಮೆಲ್ಲಗೆ ಎಳೆದರೆ ದೀಪದ ಬತ್ತಿಯಷ್ಟು ದಪ್ಪದ ಧೂಳಿನ ಪದರವೊಂದು ಇಡಿಯಾಗಿ ಕಿತ್ತು ಬರುತ್ತದೆ. ಅದರ ಬಣ್ಣ ಗಿಣಿ ಹಸಿರು.

"ಇವ್ರ ಮನೇಲಿ ಈಗ ಹಸಿರು ಸೀರೆ ನಡೀತಾ ಇದೆ," ಎಂದು ಚೈತ್ರ ನಗುತ್ತಾರೆ. "ಹೋದ್ ಸಲ ತಂದಾಗ ಗುಲಾಬಿ ಬಂದಿತ್ತು. ಯಾರ ಮನೇಲಿ ಏನು ನೇಯ್ತಾರೆ ಅಂತ ನಂಗೆ ಫ್ಯಾನ್ ಬಿಚ್ಚಿದ್ರೇ ಗೊತ್ತಾಗ್ಬಿಡುತ್ತೆ."

ಇಷ್ಟು ಬೇಗ ಅಂಗಡಿ ತೆರೆಯುವುದಕ್ಕೆ ಕಾರಣವಿದೆ. ಏಳು ಗಂಟೆಗೆ ಎಡಗಡೆಯ ಮನೆಯ ನಾಲ್ಕು ಮಗ್ಗ, ಬಲಗಡೆಯ ಮನೆಯ ಆರು ಮಗ್ಗ ಒಟ್ಟಿಗೆ ಶುರುವಾಗುತ್ತವೆ. ಕರೆಂಟಿನ ಮಗ್ಗ ಓಡಿದರೆ ಗೋಡೆ ಅದುರುತ್ತದೆ, ಗೋಡೆಗೆ ಆನಿಸಿದ ಮೇಜು ಅದುರುತ್ತದೆ. ಸಾಸಿವೆ ಕಾಳಿನಷ್ಟು ಚಿಕ್ಕ ಬೆಸುಗೆ ಹಾಕುವ ಕೈಗೆ ಅದು ಆಗದ ಮಾತು. ಆದ್ದರಿಂದ ಸೂಕ್ಷ್ಮದ ಕೆಲಸವೆಲ್ಲ ಆ ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ಆಮೇಲೆ ಇಡೀ ದಿನ ಇರುವುದು ಒರಟು ಕೆಲಸ ಮತ್ತು ಮಾತು.

ಆ ಮಾತಿಗಾಗಿಯೇ ಜನ ಬರುತ್ತಾರೆ. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ಚೈತ್ರ ಅವರ ಹತ್ತಿರ ಬಂದು ಒಂದು ಚೀಟಿ ಬರೆಸಿಕೊಂಡು ಹೋಗುವುದು ಈ ಸುತ್ತಿನ ರೂಢಿಯೇ ಆಗಿಬಿಟ್ಟಿದೆ. ಅವರು ಲ್ಯಾಪ್‌ಟಾಪ್ ಮಾರುವುದಿಲ್ಲ, ಯಾವ ಅಂಗಡಿಯ ಹೆಸರನ್ನೂ ಹೇಳುವುದಿಲ್ಲ. ಯಾವ ಕೆಲಸಕ್ಕೆ ಎಂಥ ಯಂತ್ರ ಬೇಕು ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತಾರೆ. ಚೀಟಿಗೆ ಶುಲ್ಕವಿಲ್ಲ.

ಚೈತ್ರ ಅವರಿಗೆ ಈಗ ಮೂವತ್ತೊಂಬತ್ತು. ಹೊಸಕೋಟೆ ತಾಲ್ಲೂಕಿನ ರೈತ ಅಪ್ಪಯ್ಯಣ್ಣನವರ ಮಗಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಎದುರಿಗೆ ಸಾಗಿ ಬರುವ ಹಸಿರು ಬೋರ್ಡುಗಳ ಬೆಸುಗೆ ಸರಿಯಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದು ಅವರ ಕೆಲಸ. ದಿನಕ್ಕೆ ಒಂಬೈನೂರು ಬೋರ್ಡು. ಒಂದು ದಿನ ಕಾರ್ಖಾನೆ ಬೇರೆ ರಾಜ್ಯಕ್ಕೆ ಸ್ಥಳಾಂತರವಾಯಿತು. ಗಂಡ ಆನಂದ್ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿದ್ದ ಅತ್ತೆಯ ಹಳೆಯ ಮಗ್ಗ ಕೆಟ್ಟು ಬಿದ್ದಿತ್ತು. ಅದನ್ನು ತೆಗೆಸಿ, ಅಲ್ಲೇ ಮೇಜು ಹಾಕಿಕೊಂಡು ಚೈತ್ರ ರಿಪೇರಿಗೆ ಕೂತರು.

ಮೊದಮೊದಲು ಬಂದವರೆಲ್ಲ ಒಳಗೆ ಇಣುಕಿ, "ಯಜಮಾನ್ರು ಇಲ್ವಾ?" ಎಂದು ಕೇಳುತ್ತಿದ್ದರು. ಬಾಗಿಲಲ್ಲಿ ಕೂರುವ ಅತ್ತೆ ಅಮ್ಮಯಮ್ಮ ಅದಕ್ಕೊಂದು ಉತ್ತರ ಇಟ್ಟುಕೊಂಡಿದ್ದರು. "ಯಜಮಾನ್ರು ಟ್ಯಾಕ್ಸಿ ಓಡಿಸ್ತಾರೆ. ನಿಂಗೆ ಟ್ಯಾಕ್ಸಿ ಬೇಕಾ, ರಿಪೇರಿ ಬೇಕಾ? ಮೊದ್ಲು ಅದ್ ಹೇಳು."

ಎಪ್ಪತ್ತೆರಡರ ಅಮ್ಮಯಮ್ಮ ಓದಿದವರಲ್ಲ. ಆದರೆ ಚೀಟಿಯ ಅರ್ಧ ಬುದ್ಧಿ ಅವರದೇ ಎನ್ನುತ್ತಾರೆ ಸೊಸೆ. ಅಂಗಡಿ ಹಾಕಿದ ಮೊದಲ ವರ್ಷ ಒಂದೇ ಬೀದಿಯಿಂದ ಒಂದೇ ಬಗೆಯ ಕಾಯಿಲೆ ಬರತೊಡಗಿತು. ಕೊಂಡು ಆರು ತಿಂಗಳಾಗಿರುವುದಿಲ್ಲ, ಹಾರ್ಡ್ ಡಿಸ್ಕ್ ಸತ್ತಿರುತ್ತದೆ, ಅದರಲ್ಲಿದ್ದ ಫೋಟೊ, ಪಾಠ ಎಲ್ಲ ಹೋಗಿರುತ್ತವೆ. ಬೇರೆ ಬೇರೆ ಕಂಪನಿಯ ಯಂತ್ರಗಳು, ಬೇರೆ ಬೇರೆ ಅಂಗಡಿಯಲ್ಲಿ ಕೊಂಡವು. ಚೈತ್ರ ತಲೆ ಕೆಡಿಸಿಕೊಂಡು ಕೂತಿದ್ದಾಗ ಅಮ್ಮಯಮ್ಮ ಕೇಳಿದರಂತೆ: "ಅದ್ರೊಳಗೆ ಏನೈತೆ?" ತಿರುಗುವ ಒಂದು ತಟ್ಟೆ ಇದೆ, ಅದರ ಮೇಲೆ ಕೂದಲೆಳೆ ಅಂತರದಲ್ಲಿ ಒಂದು ಮುಳ್ಳು ಓಡಾಡುತ್ತದೆ ಎಂದರು ಚೈತ್ರ. "ಮತ್ತೆ ಮಗ್ಗದ ಮನೇಲಿಟ್ರೆ ಅದು ಸುಮ್ಕಿರ್ತದಾ? ಒಲೆ ಮೇಲಿನ ಹಾಲೇ ಕುಣೀತದೆ ಕಣೆ ಅಲ್ಲಿ."

ಅಂದಿನಿಂದ ಚೈತ್ರ ಕೇಳುವ ಮೊದಲ ಪ್ರಶ್ನೆ ಬದಲಾಯಿತು. ಎಷ್ಟು ಜಿಬಿ ಬೇಕು, ಯಾವ ಕಂಪನಿ ಬೇಕು ಎಂದು ಅವರು ಕೇಳುವುದೇ ಇಲ್ಲ. ಲ್ಯಾಪ್‌ಟಾಪ್ ಎಲ್ಲಿ ಇಡ್ತೀರಿ? ಮನೇಲಿ ಮಗ್ಗ ಇದೆಯಾ? ಅದರಲ್ಲಿ ಏನು ತೆರೀತೀರಿ? ಇನ್ಯಾರು ಮುಟ್ತಾರೆ? ಮಗ್ಗದ ಮನೆಯಾದರೆ ತಿರುಗುವ ಡಿಸ್ಕ್ ಬೇಡವೇ ಬೇಡ, ಒಳಗೆ ಏನೂ ಅಲುಗಾಡದ ಎಸ್‌ಎಸ್‌ಡಿ ಇರಬೇಕು. ಗಾಳಿ ಎಳೆಯುವ ಕಿಂಡಿ ತಳದಲ್ಲಷ್ಟೇ ಇದ್ದರೆ ನೂಲಿನ ಧೂಳು ಕಟ್ಟಿಕೊಳ್ಳುತ್ತದೆ, ಹಿಂಬದಿಯಲ್ಲೂ ಕಿಂಡಿ ಇರುವುದನ್ನು ನೋಡಬೇಕು. ಇವು ಯಾವ ಜಾಹೀರಾತಿನಲ್ಲೂ ಬರುವ ಮಾತುಗಳಲ್ಲ.

ದಿನಕ್ಕೆ ನಾಲ್ಕೈದು ರಿಪೇರಿ, ಮೂರೋ ನಾಲ್ಕೋ ಚೀಟಿ. ಕಾಲೇಜು ಶುರುವಾಗುವ ಹೊತ್ತಿನಲ್ಲಿ ಚೀಟಿ ಹದಿನೈದಕ್ಕೆ ಏರುತ್ತದೆ. ಪ್ರತಿ ಚೀಟಿಗೂ ಕಾರ್ಬನ್ ಹಾಳೆ ಇಟ್ಟು ನಕಲು ತೆಗೆದುಕೊಳ್ಳುತ್ತಾರೆ. ಆ ಯಂತ್ರ ಎಂದಾದರೂ ಕೆಟ್ಟು ಬಂದರೆ ನಕಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಏನು ಕೆಟ್ಟಿತು ಎಂದು ಬರೆಯುತ್ತಾರೆ. ಹೀಗೆ ಹನ್ನೊಂದು ಪುಸ್ತಕ ತುಂಬಿದೆ.

ಎರಡನೆಯ ಪುಸ್ತಕದಲ್ಲಿ ಒಂದು ಹಾಳೆಗೆ ಮೂಲೆ ಮಡಚಿದೆ. ನವೀನ್‌ಕುಮಾರ್ ಎಂಬ ಹುಡುಗನದು. ಕಾಲೇಜಿಗೆ ಲ್ಯಾಪ್‌ಟಾಪ್ ಬೇಕು ಎಂದಿದ್ದ, ಚೈತ್ರ ಹಗುರವಾದ, ಸಾಧಾರಣ ಯಂತ್ರವೊಂದನ್ನು ಬರೆದುಕೊಟ್ಟಿದ್ದರು. ಅವನು ಸೇರಿದ್ದು ಕಟ್ಟಡಗಳ ನಕ್ಷೆ ಬರೆಯುವ ಕೋರ್ಸಿಗೆ. ನಕ್ಷೆಯ ತಂತ್ರಾಂಶ ಅದರಲ್ಲಿ ತೆರೆಯಲೇ ಇಲ್ಲ. "ಕಾಲೇಜಿಗೆ ಅಂದ. ಯಾವ ಕಾಲೇಜು, ಏನ್ ಓದ್ತೀಯ ಅಂತ ಕೇಳೋಕೆ ನಂಗೆ ಏನಾಗಿತ್ತು? ಐದು ವರ್ಷ ಪಾಪ, ಗೆಳೆಯರ ಲ್ಯಾಪ್‌ಟಾಪ್ ಖಾಲಿಯಾಗೋದು ಕಾಯ್ತಾ ಕೂತ್ಕೊಂಡು ಓದಿದಾನೆ. ಈಗ್ಲೂ ಸಿಕ್ಕಿದ್ರೆ ಅಕ್ಕ ಅಂತ ನಗ್ತಾನೆ. ಅವನು ನಗೋದೇ ನಂಗೆ ಕಷ್ಟ."

ಹೀಗೆ ಹೇಳುತ್ತಿರುವಾಗ ಬಾಗಿಲಲ್ಲಿ ಲಕ್ಕಮ್ಮ ಮತ್ತು ಅವರ ಮಗಳು ಕೀರ್ತನ ಬಂದು ನಿಲ್ಲುತ್ತಾರೆ. ಇನ್ನೂ ಆರೂಕಾಲು. ತಾಯಿಯ ಕೈಯಲ್ಲಿ ಬಟ್ಟೆಯ ಚೀಲ, ಮಗಳ ಬೆನ್ನಿಗೆ ಕಾಲೇಜಿನ ಹಳೆಯ ಬ್ಯಾಗು.

"ಬೆಂಗ್ಳೂರಲ್ಲಿ ಅಂಗ್ಡಿ ತೆಗ್ಯೋದು ಹತ್ತು ಗಂಟೆಗೆ. ನೀನು ಈಗ್ಲೇ ಹೊಂಟಿದೀಯಲ್ಲೇ ಲಕ್ಕಮ್ಮಾ, ಬೀಗದ ಕೈ ಹಿಡ್ಕೊಂಡೋಗಿ ನೀನೇ ತೆಗೀತೀಯ?" ಎನ್ನುತ್ತಾರೆ ಅಮ್ಮಯಮ್ಮ.

"ನಿದ್ದೆ ಬರಲ್ಲ ಕಣಕ್ಕ," ಎಂದು ಲಕ್ಕಮ್ಮ ಮೆಟ್ಟಿಲ ಮೇಲೆ ಕೂರುತ್ತಾರೆ. "ಮಗ್ಗ ಹೋದಾಗ್ನಿಂದ ಹಿಂಗೇಯ. ನಾಲ್ಕಕ್ಕೇ ಎಚ್ಚರ ಆಯ್ತದೆ. ಎದ್ದು ಹೋಗಿ ನೋಡ್ತೀನಿ, ಆ ಜಾಗ ಖಾಲಿ."

ಅಮ್ಮಯಮ್ಮ ಮತ್ತೇನೂ ಕೆಣಕದೆ ಒಳಗೆ ಹೋಗಿ ಎರಡು ಲೋಟ ಕಾಫಿ ತರುತ್ತಾರೆ. ಲಕ್ಕಮ್ಮನ ಲೋಟಕ್ಕೆ ಸಕ್ಕರೆ ಹಾಕಿಲ್ಲ. ಲಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಎಂಬುದು ಅವರಿಗೆ ನೆನಪಿದೆ.

ಲಕ್ಕಮ್ಮನ ಮನೆಯಲ್ಲಿ ಎರಡು ಮಗ್ಗವಿತ್ತು. ಒಂದನ್ನು ಗಂಡ ದೊಡ್ಡಬೀರಪ್ಪ ನಡೆಸುತ್ತಾರೆ. ಇನ್ನೊಂದು ಲಕ್ಕಮ್ಮನದು. ಇಪ್ಪತ್ತಾರು ವರ್ಷ ನೇಯ್ದ ಆ ಮಗ್ಗವನ್ನು ಹೋದ ವಾರ ಮಾರಿ, ಅದರಿಂದ ಮಗಳಿಗೆ ಲ್ಯಾಪ್‌ಟಾಪ್ ತರಲು ಹೊರಟಿದ್ದಾರೆ. ಕೀರ್ತನ ಸೀರೆಯ ಡಿಸೈನ್ ಬರೆಯುವವಳು. ಸೆರಗಿನ ನವಿಲು, ಅಂಚಿನ ಬಳ್ಳಿ, ಒಡಲಿನ ಬುಟ್ಟಾ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎಳೆ ಎಳೆಯಾಗಿ ಬರೆದುಕೊಟ್ಟರೆ ಅದನ್ನು ನೋಡಿ ಮಗ್ಗ ನೇಯುತ್ತದೆ. ಮೂರು ವರ್ಷ ಬೇರೆಯವರ ಕಂಪ್ಯೂಟರಿನಲ್ಲಿ ಕೂತು ಕಲಿತಳು. ಈಗ ಸೀರೆಯ ದೊಡ್ಡ ವ್ಯಾಪಾರಿಯೊಬ್ಬರು ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ಡಿಸೈನ್ ಬರೆದುಕೊಡು ಎಂದಿದ್ದಾರೆ. ಸ್ವಂತ ಯಂತ್ರವಿರಬೇಕು, ಸೋಮವಾರದಿಂದಲೇ ಶುರುವಾಗಬೇಕು. ಇವತ್ತು ಶುಕ್ರವಾರ.

"ಇದು ಸರಿಯಾಗಿ ಸಿಗ್ಲಿಲ್ಲ ಅಂದ್ರೆ ಮಗ್ಗಾನೂ ಇಲ್ಲ, ಕೆಲ್ಸಾನೂ ಇಲ್ಲ," ಎಂದು ಲಕ್ಕಮ್ಮ ಮೆಲ್ಲಗೆ ಹೇಳುತ್ತಾರೆ. ಕೀರ್ತನ ಕಾಫಿಯ ಲೋಟದೊಳಗೆ ನೋಡುತ್ತಾಳೆ.

ಚೈತ್ರ ಚಿಮಟ ಕೆಳಗಿಟ್ಟು, ಚೀಟಿ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಸರಿಮಾಡಿಕೊಳ್ಳುತ್ತಾರೆ. ಕೀರ್ತನಳಿಗೆ ಇದೆಲ್ಲ ಅಷ್ಟಿಷ್ಟು ಗೊತ್ತು. ಚೈತ್ರ ಮಾತಾಡುವುದು ಲಕ್ಕಮ್ಮನ ಮುಖ ನೋಡಿಕೊಂಡು.

"ಅಕ್ಕ, ಇದ್ರಲ್ಲಿ ಪ್ರೊಸೆಸರ್ ಅಂತ ಇರುತ್ತೆ. ಅದು ಮಗ್ಗದ ಮೋಟ್ರು ಅನ್ಕೊಳ್ಳಿ. ರ‍್ಯಾಮ್ ಅನ್ನೋದು ಮಗ್ಗದ ಅಗಲ. ಅಂಗ್ಡಿಯವ್ರು ಮೋಟ್ರನ್ನೇ ಹೊಗಳ್ತಾರೆ. ಮೋಟ್ರು ಎಷ್ಟೇ ಜೋರಾಗಿರ್ಲಿ, ಅಗಲ ಕಮ್ಮಿ ಇದ್ರೆ ಅಗಲದ ಸೀರೆ ಆಗುತ್ತಾ?"

"ಎಲ್ಲಾಯ್ತದೆ? ಕರವಸ್ತ್ರ ಆಯ್ತದೆ."

"ಅಷ್ಟೇ. ಕೀರ್ತನಂದು ದೊಡ್ಡ ಫೈಲು. ಹದಿನಾರು ಜಿಬಿ ರ‍್ಯಾಮ್ ಬೇಕು. ಆಮೇಲೆ ಮೋಟ್ರಿನ ಹೆಸರು ಐ ಫೈವ್, ಐ ಫೈವ್ ಅಂತಾರೆ. ಅದು ಮನೆತನದ ಹೆಸರಿದ್ದಂಗೆ. ತಾತಂಗೂ ಅದೇ ಹೆಸರು, ಮೊಮ್ಮಗಂಗೂ ಅದೇ. ಹೆಸರು ತೋರ್ಸಿ ಹಳೇ ಕಾಲದ ತಾತನ್ನ ಕೊಟ್ಬಿಡ್ತಾರೆ. ನಮಗೆ ಬೇಕಾಗಿರೋದು ಮೊಮ್ಮಗ. ಅದರ ಮುಂದಿನ ನಂಬರ್ ನೋಡ್ಬೇಕು, ಎಲ್ಲಿಂದ ಮೇಲಿರ್ಬೇಕು ಅಂತ ಬರ್ದಿದೀನಿ."

ಎಸ್‌ಎಸ್‌ಡಿ ಐನೂರ ಹನ್ನೆರಡು. ಹಿಂದೆ ಗಾಳಿಕಿಂಡಿ. ಹದಿನೈದಿಂಚಿನ ಪರದೆ. ಬೆಳಗುವ ಕೀಲಿಮಣೆ, ಬೆರಳು ಮುಟ್ಟಿದರೆ ತೆರೆಯುವುದು, ಮುಟ್ಟುವ ಪರದೆ ಇವ್ಯಾವುವೂ ಬೇಡ ಎಂದು ಕೆಳಗೆ ಗೆರೆ ಎಳೆದು ಬರೆಯುತ್ತಾರೆ. ಚೀಟಿಯನ್ನು ಮಗಳ ಕೈಗೆ ಕೊಡದೆ ತಾಯಿಯ ಕೈಗೆ ಕೊಡುತ್ತಾರೆ.

"ಡಿಸೈನ್ ಫೈಲು ಪೆನ್‌ಡ್ರೈವಲ್ಲಿ ಇಟ್ಕೊಂಡಿದೀಯಾ? ಅಂಗ್ಡೀಲೇ ತೆಗ್ದು ನೋಡು. ಅವ್ರು ತೋರ್ಸೋ ಹೂವು, ಸಮುದ್ರ ನೋಡ್ಬೇಡ. ನಿನ್ ಕೆಲ್ಸಾನೇ ನೋಡು. ಬಿಲ್ ಹಾಕ್ಸೋಕೆ ಮುಂಚೆ ಒಂದು ಫೋನ್ ಮಾಡು."

ಏಳಕ್ಕೆ ಮಗ್ಗಗಳು ಶುರುವಾಗುತ್ತವೆ. ಮೇಜಿನ ಮೇಲಿನ ಸ್ಕ್ರೂಗಳು ಸಣ್ಣಗೆ ಕುಣಿಯುತ್ತವೆ. ಚೈತ್ರ ಮುಚ್ಚಳದ ಕೆಳಗೆ ಮಡಚಿದ ಬಟ್ಟೆ ಇಡುತ್ತಾರೆ. ತಾಲ್ಲೂಕು ಕಚೇರಿಯ ನೌಕರರೊಬ್ಬರು ಮಗನಿಗೆ ಆಟ ಆಡಲು ದೊಡ್ಡ ಲ್ಯಾಪ್‌ಟಾಪ್ ಬೇಕೆಂದು ಬರುತ್ತಾರೆ, ಚೈತ್ರ ಅವರ ಮಾತು ಕೇಳಿ, ಓದಲು ಸಾಕಾಗುವ ಚಿಕ್ಕದೊಂದನ್ನು ಬರೆಸಿಕೊಂಡು ಹೋಗುತ್ತಾರೆ. ಮುದುಕರೊಬ್ಬರು ಮೊಮ್ಮಗಳು ಕೊಟ್ಟ ಯಂತ್ರದಲ್ಲಿ ಅಕ್ಷರ ಕಾಣುತ್ತಿಲ್ಲ ಎಂದು ತಂದಿದ್ದಾರೆ. ಚೈತ್ರ ಅಕ್ಷರ ದೊಡ್ಡದು ಮಾಡಿ, ಬೆಳಕು ತಗ್ಗಿಸಿ, ಕೈಗೆ ಕೊಟ್ಟು ಕಳಿಸುತ್ತಾರೆ. "ಎಷ್ಟಮ್ಮಾ?" ಎಂದರೆ, "ಏನೂ ಕೆಟ್ಟಿರ್ಲಿಲ್ಲ ತಾತ," ಎನ್ನುತ್ತಾರೆ.

ಹನ್ನೊಂದೂವರೆಗೆ ಫೋನ್ ಬರುತ್ತದೆ. ಚೈತ್ರ ದಪ್ಪನೆಯ ಚಾರ್ಜರ್ ವೈರಿಗೆ ಬೆಸುಗೆ ಹಾಕುತ್ತಿದ್ದಾರೆ, ಎರಡೂ ಕೈಯಲ್ಲಿ ಕೆಲಸವಿದೆ, ಅಮ್ಮಯಮ್ಮ ಫೋನ್ ಒತ್ತಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ ಇಡುತ್ತಾರೆ. ಬೆಂಗಳೂರಿನ ಅಂಗಡಿಯ ಹುಡುಗನೊಬ್ಬ ಚೀಟಿ ನೋಡಿಕೊಂಡು ಒಂದೊಂದೇ ಓದುತ್ತಿದ್ದಾನೆ. ಹದಿನಾರು ಜಿಬಿ ಇದೆ ಮೇಡಂ. ಐನೂರ ಹನ್ನೆರಡು ಇದೆ. ನಂಬರ್ ಇದು. ಕಿಂಡಿ ಹಿಂದೇನೂ ಇದೆ. ಎಲ್ಲಕ್ಕೂ ಚೈತ್ರ ಹೂಂ ಎನ್ನುತ್ತಾರೆ.

"ಫೈಲ್ ತೆಗ್ದೆ ಅಕ್ಕ, ಬೇಗ ತೆಗೀತು," ಎಂಬ ಕೀರ್ತನಳ ದನಿ.

"ಸರಿ ಹಂಗಾದ್ರೆ..." ಎಂದು ಚೈತ್ರ ಬಿಲ್ ಹಾಕಿಸಲು ಹೇಳುವುದರಲ್ಲಿದ್ದಾರೆ, ಅಷ್ಟರಲ್ಲಿ ಲಕ್ಕಮ್ಮ ಫೋನ್ ಕಿತ್ತುಕೊಳ್ಳುತ್ತಾರೆ. ದನಿಯಲ್ಲಿ ಬೆಳಗಿನ ಅಳುಕಿಲ್ಲ, ಹಿಗ್ಗಿದೆ.

"ಚೈತ್ರಾ, ಭಾಳ ಚಂದಾಗೈತೆ ಕಣಮ್ಮಾ! ಎದುರಿಂದ ನೋಡಿದ್ರೆ ಒಂದು ಬಣ್ಣ, ಪಕ್ಕಕ್ಕೆ ಬಂದ್ರೆ ಇನ್ನೊಂದು ಬಣ್ಣ. ಎರಡೆಳೆ ರೇಷ್ಮೆ ಇರ್ತದಲ್ಲ, ಹಂಗೇ ಆಡ್ತೈತೆ. ಒಳ್ಳೆ ಮಾಲು ಕೊಟ್ಟವ್ನೆ ಹುಡ್ಗ."

ಚೈತ್ರ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಫೋನಿನ ಹತ್ತಿರ ಬಾಗುತ್ತಾರೆ.

ಉದ್ದಕ್ಕೆ ಓಡುವ ಹಾಸಿನ ಎಳೆ ಒಂದು ಬಣ್ಣ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಇನ್ನೊಂದು ಬಣ್ಣ ಹಾಕಿ ನೇಯ್ದ ರೇಷ್ಮೆ ತಿರುಗಿಸಿದ ಹಾಗೆಲ್ಲ ಬಣ್ಣ ಬದಲಿಸುತ್ತದೆ. ಅದು ಈ ಊರಿನಲ್ಲಿ ಮೆಚ್ಚುವ ಗುಣ. ಇಪ್ಪತ್ತಾರು ವರ್ಷ ನೇಯ್ದ ಕಣ್ಣು ಪರದೆಯಲ್ಲೂ ಅದನ್ನೇ ಕಂಡು ಮೆಚ್ಚಿದೆ. ಆದರೆ ಪರದೆಗೆ ಅದಕ್ಕಿಂತ ದೊಡ್ಡ ದೋಷವಿಲ್ಲ. ಕೀರ್ತನಳ ಪರದೆಯಲ್ಲಿ ಕಂಡ ಬಣ್ಣಕ್ಕೆ ವ್ಯಾಪಾರಿ ಒಪ್ಪಿಗೆ ಕೊಡುತ್ತಾರೆ, ಅದಕ್ಕೆ ತಕ್ಕಂತೆ ನೂಲಿಗೆ ಬಣ್ಣ ಹಾಕಲಾಗುತ್ತದೆ. ಪರದೆ ಸುಳ್ಳು ಹೇಳಿದರೆ ಹಬ್ಬದ ಸೀರೆಯೆಲ್ಲ ಬೇರೆಯೇ ಬಣ್ಣ.

"ಅಕ್ಕ, ಅದು ಬೇಡ. ಅದನ್ನ ತಗೋಬೇಡಿ," ಎನ್ನುತ್ತಾರೆ ಚೈತ್ರ. "ತಪ್ಪು ನಂದು. ಪರದೆಯ ಬಣ್ಣದ ಮಾತು ನಾನು ಚೀಟೀಲಿ ಬರೀಲೇ ಇಲ್ಲ. ಸೀರೆ ಡಿಸೈನ್ ಅಂತ ಗೊತ್ತಿದ್ದೂ ಬರೀಲಿಲ್ಲ."

ಈ ಕಡೆ ಅಮ್ಮಯಮ್ಮನೂ ಫೋನಿನ ಹತ್ತಿರ ಸರಿಯುತ್ತಾರೆ.

"ಹಂಗಾರೆ ಬರೀ ಕೈಲಿ ಬರೋದಾ?" ಲಕ್ಕಮ್ಮನ ದನಿ ಸಣ್ಣದಾಗಿದೆ.

"ಇಲ್ಲ ಇಲ್ಲ. ಕೀರ್ತನಾ, ಬಣ್ಣದ ಮಾದರಿ ಅಂತ ವ್ಯಾಪಾರಿ ಬಟ್ಟೆ ಚೂರು ಕೊಟ್ಟಿರ್ತಾರಲ್ಲ, ಬ್ಯಾಗಲ್ಲಿದೆಯಾ? ಅದೇ ಬಣ್ಣದ್ದು ಫೈಲಲ್ಲಿ ತೆಗ್ದು, ಬಟ್ಟೇನ ಪರದೆ ಪಕ್ಕ ಹಿಡಿ. ಅಮ್ಮಂಗೆ ತೋರ್ಸು. ಅಕ್ಕ, ಇದು ಲ್ಯಾಪ್‌ಟಾಪ್ ಅಂತ ಮರ್ತ್‌ಬಿಡಿ. ಬಣ್ಣ ಹಾಕೋನು ನೂಲು ತಂದಿದಾನೆ, ಅವ್ನು ಹೇಳಿದ್ದು ಸರೀನಾ ಅಂತ ನೋಡಿ."

ಬ್ಯಾಗಿನ ಜಿಪ್ ಎಳೆದ ಸದ್ದು. ಆಮೇಲೆ ಲಕ್ಕಮ್ಮ, ಮಗ್ಗದ ಮನೆಯಲ್ಲಿ ಆಡುವ ಅಧಿಕಾರದ ದನಿಯಲ್ಲಿ: "ಇದು ಈರುಳ್ಳಿ ಸಿಪ್ಪೆ ಬಣ್ಣ ಅಲ್ವೇ ಅಲ್ಲ. ನಾಲ್ಕು ಸಲ ಒಗ್ದು ಬಿಳುಚ್ಕೊಂಡಿರೋ ಕಿತ್ಲೆ. ಥೂ, ಇದನ್ನ ನಾನು ಚಂದಾಗೈತೆ ಅಂದ್‌ಬುಟ್ನಲ್ಲ!"

ಅಂಗಡಿಯ ಹುಡುಗ ನಗುವುದು ಕೇಳಿಸುತ್ತದೆ, ಆದರೆ ಹಂಗಿಸುವ ನಗುವಲ್ಲ. "ಎರಡು ನಿಮಿಷ ಇರಿ ಅಮ್ಮ," ಎಂದು ಒಳಗೆ ಹೋಗಿ ಇನ್ನೊಂದನ್ನು ತರುತ್ತಾನೆ. ಕಪ್ಪು ಮೈ, ತೂಕ ಹೆಚ್ಚು, ನೋಡಲು ಏನೂ ವಿಶೇಷವಿಲ್ಲ, ಯಾರೂ ಕೇಳುವುದಿಲ್ಲವೆಂದು ಹಿಂದೆ ಇಟ್ಟಿದ್ದೆ ಎನ್ನುತ್ತಾನೆ. ಅಂಗಡಿಯ ದೀಪದ ಬೆಳಕಿನಲ್ಲಿ ಬಟ್ಟೆಯ ಬಣ್ಣ ಸರಿಯಾಗಿ ತಿಳಿಯದು ಎಂದು ಲಕ್ಕಮ್ಮ ಹೇಳಿದ್ದಕ್ಕೆ, ಆ ಹುಡುಗನೇ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಹತ್ತಿರ, ಬಿಸಿಲಿನ ಬೆಳಕಿಗೆ ಬಂದು ನಿಲ್ಲುತ್ತಾನೆ. ಇದನ್ನೆಲ್ಲ ಕೀರ್ತನ ಫೋನಿನಲ್ಲಿ ಒಂದೊಂದಾಗಿ ಹೇಳುತ್ತಿದ್ದಾಳೆ. ಲಕ್ಕಮ್ಮ ಎಡಕ್ಕೆ ಹೋಗುತ್ತಾರೆ, ಬಲಕ್ಕೆ ಬರುತ್ತಾರೆ, ಕೂತು ನೋಡುತ್ತಾರೆ.

"ಬಣ್ಣ ಅಳ್ಳಾಡ್ತಿಲ್ಲ. ಬಟ್ಟೆದೂ ಇದ್ರುದೂ ಒಂದೇ."

ಆದರೆ ಇದರಲ್ಲಿ ರ‍್ಯಾಮ್ ಎಂಟೇ ಜಿಬಿ. ಚೀಟಿಯ ಮಿಕ್ಕದ್ದೆಲ್ಲ ಸರಿಯಿದೆ, ಮುಖ್ಯ ಮಾತೇ ತಪ್ಪುತ್ತದೆ. ಕೀರ್ತನ ತಡವರಿಸುತ್ತಾಳೆ. ಚೈತ್ರ ಅಂಗಡಿಯ ಹುಡುಗನಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: ಇನ್ನೊಂದು ರ‍್ಯಾಮ್ ಕೂರಿಸಲು ಒಳಗೆ ಜಾಗ ಖಾಲಿ ಇದೆಯೇ? ಅವನು ಮಾಡೆಲ್ ನಂಬರ್ ಹಾಕಿ ಹುಡುಕಿ, ಇದೆ, ಕೂರಿಸಿದರೆ ವಾರಂಟಿಗೂ ತೊಂದರೆಯಿಲ್ಲ ಎನ್ನುತ್ತಾನೆ.

"ಹಂಗಾದ್ರೆ ಇದನ್ನೇ ತಗೊಳ್ಳಿ. ರ‍್ಯಾಮ್ ನಾನು ಹಾಕ್ತೀನಿ. ಆಮೇಲೆ ಸೇರ್ಸೋಕಾಗೋದು ಕಮ್ಮಿ ಇದ್ರೆ ಪರ್ವಾಗಿಲ್ಲ. ಬದ್ಲಾಯ್ಸೋಕೆ ಆಗದೆ ಇರೋದು ಮಾತ್ರ ಮೊದ್ಲೇ ಸರಿಯಾಗಿರ್ಬೇಕು."

ಫೋನ್ ಇಟ್ಟ ಮೇಲೆ ಚೈತ್ರ ಚೀಟಿ ಪುಸ್ತಕ ತೆಗೆದು ಬೆಳಗಿನ ನಕಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ: ಪರದೆಯ ಬಣ್ಣ ಕೇಳಲಿಲ್ಲ. ಅಮ್ಮಯಮ್ಮ ಸೊಸೆಯ ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟು, "ಯಂತ್ರ ಮನೆಗೆ ಬರೋಕೆ ಮುಂಚೆ ಗೊತ್ತಾಯ್ತಲ್ಲ. ಕುಡಿ," ಎಂದಷ್ಟೇ ಹೇಳುತ್ತಾರೆ.

ಸಂಜೆ ಆರಕ್ಕೆ ತಾಯಿ ಮಗಳು ನೇರ ಬಸ್‌ಸ್ಟ್ಯಾಂಡಿನಿಂದ ಅಂಗಡಿಗೇ ಬರುತ್ತಾರೆ. ಲಕ್ಕಮ್ಮ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಾರೆ, ಕಂಡಕ್ಟರ್ ಮೇಲಿಡಿ ಎಂದರೂ ಕೊಟ್ಟಿಲ್ಲ. ಚೈತ್ರ ರ‍್ಯಾಮ್ ಸಿದ್ಧ ಮಾಡಿಟ್ಟಿದ್ದಾರೆ. ಆದರೆ ಎರಡೂ ಕಡೆ ಮಗ್ಗಗಳು ಪೂರ್ತಿ ಓಟದಲ್ಲಿವೆ, ಮೇಜು ನಡುಗುತ್ತಿದೆ.

ಅಮ್ಮಯಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ಎಡಗಡೆಯ ಮನೆಗೆ ಹೋಗುತ್ತಾರೆ, ಅಲ್ಲಿಂದ ಬಲಗಡೆಯ ಮನೆಗೆ. ಏನು ಹೇಳುತ್ತಾರೋ ಮಗ್ಗದ ಸದ್ದಿನಲ್ಲಿ ಕೇಳುವುದಿಲ್ಲ. ಎಡಗಡೆ ಒಂದೊಂದೇ ಮಗ್ಗ ನಿಲ್ಲುತ್ತದೆ. ಆಮೇಲೆ ಬಲಗಡೆ. ಬೀದಿ ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಗುತ್ತದೆಂದರೆ ಪಕ್ಕದ ಮನೆಯ ಕೆಂಪರಾಜು ಬಾಗಿಲಿಗೆ ಬಂದು, "ಆಯ್ತೇನಕ್ಕಾ? ಹುಷಾರಾಗಿ ಮಾಡಿ, ಅವಸರ ಇಲ್ಲ," ಎಂದದ್ದು ಎಲ್ಲರಿಗೂ ಕೇಳಿಸುತ್ತದೆ.

ಐದು ನಿಮಿಷ. ತಳ ಬಿಚ್ಚಿ, ರ‍್ಯಾಮನ್ನು ಓರೆಯಾಗಿ ಕೂರಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ ಎಂಬ ಸದ್ದು. ಸ್ಕ್ರೂ ಬಿಗಿದು, ತಿರುಗಿಸಿ, ಗುಂಡಿ ಒತ್ತುತ್ತಾರೆ. ಹದಿನಾರು ಎಂದು ತೋರಿಸುತ್ತದೆ. ಕೀರ್ತನ ತನ್ನ ಫೈಲನ್ನು ತೆರೆಯುತ್ತಾಳೆ. ಹಳೆಯ ಜಾಗದಲ್ಲಿ ಅದು ತೆರೆಯುವಷ್ಟರಲ್ಲಿ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳಂತೆ. ಇಲ್ಲಿ ಅಮ್ಮಯಮ್ಮ, "ಬಂತೇನೇ?" ಎಂದು ಕೇಳುವಷ್ಟರಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣದ ಸೀರೆ, ನೇರಳೆ ಅಂಚು, ಅಂಚಿನ ತುಂಬ ಹೂಬಳ್ಳಿ, ಪರದೆಯ ತುಂಬ ಹರಡಿಕೊಂಡಿದೆ.

ಪಕ್ಕದಲ್ಲಿ ಮಗ್ಗಗಳು ಮತ್ತೆ ಶುರುವಾಗುತ್ತವೆ.

ಲಕ್ಕಮ್ಮ ಬಹಳ ಹೊತ್ತು ನೋಡುತ್ತಾರೆ. "ಈ ಬಳ್ಳೀಲಿ ಒಂದೆಲೆ ಜಾಸ್ತಿ ಬರ್ದಿದೀಯ. ಅಲ್ಲಿ ಎಳೆ ತುಂಡಾಯ್ತದೆ," ಎಂದು ಬೆರಳಿಡುತ್ತಾರೆ. ಕೀರ್ತನ ತಾಯಿಯ ಮುಖ ನೋಡಿ, ಆ ಎಲೆಯನ್ನು ಅಳಿಸುತ್ತಾಳೆ. "ಸೋಮವಾರದಿಂದ ನೀನು ಪಕ್ಕದಲ್ಲೇ ಕೂತ್ಕೋಬೇಕು ಅಮ್ಮ. ಬಣ್ಣ ನೋಡೋಕೆ, ಎಳೆ ನೋಡೋಕೆ."

"ನಂಗೇನ್ ಸಂಬ್ಳ ಕೊಡ್ತೀಯ?" ಎನ್ನುತ್ತಾರೆ ಲಕ್ಕಮ್ಮ. ಬೆಳಗಿನಿಂದ ಅವರು ನಕ್ಕಿದ್ದು ಇದೇ ಮೊದಲು.

ಅವರು ಹೋದ ಮೇಲೆ ಚೈತ್ರ ಮೇಜು ಒರೆಸುತ್ತಾರೆ. ಹೊಸ ಲ್ಯಾಪ್‌ಟಾಪ್ ತಂದವರು ಮೊದಲ ದಿನ ಬಂದು ತೋರಿಸುತ್ತಾರೆ, ಆಮೇಲೆ ಬರುವುದಿಲ್ಲ, ಬರುವುದಿಲ್ಲ ಎಂದರೆ ಚೆನ್ನಾಗಿದೆ ಎಂದೇ ಅರ್ಥ ಎನ್ನುತ್ತಾರೆ ಅವರು. ನಿಮಗೇನು ಆಸೆ ಎಂದರೆ ಬಟ್ಟೆ ಮಡಚಿಟ್ಟು, ಯೋಚಿಸಿ ಹೇಳುತ್ತಾರೆ:

"ವರಮಹಾಲಕ್ಷ್ಮಿ ಹಬ್ಬದ ದಿನ ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಆ ಸೀರೆ ಉಟ್ಕೊಂಡು ನಿಂತಿರ್ಬೇಕು. ಈರುಳ್ಳಿ ಸಿಪ್ಪೆ ಬಣ್ಣ, ನೇರಳೆ ಅಂಚು. ಬಣ್ಣ ಸರಿಯಾಗಿ ಬಂದಿದೆಯಾ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ. ಉಟ್ಟೋರಿಗೆ ನಾನ್ಯಾರು ಅಂತ ಗೊತ್ತಿರಲ್ಲ. ಗೊತ್ತಾಗ್ಬೇಕು ಅಂತಾನೂ ಏನಿಲ್ಲ."